ಹೆಚ್ಚು ವಾಟ್ ಇದ್ದರೆ ಒಳ್ಳೆಯ ಸ್ಪೀಕರ್: ನಿಜವೇ?

ಹಾಸ್ಟೆಲ್ಲಿಗೋ ಪಿಜಿಗೋ ಹೊಸದಾಗಿ ಸೇರಿದವರು ಮೂರು ನಾಲ್ಕು ಸಾವಿರ ರೂಪಾಯಿ ಹೊಂದಿಸಿಕೊಂಡು ಸ್ಪೀಕರ್ ಕೊಳ್ಳಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ ಅಂಕಿ. ಒಂದರ ಮೇಲೆ 1000 ವಾಟ್, ಪಕ್ಕದ್ದರ ಮೇಲೆ 20 ವಾಟ್. ಬೆಲೆ ಹೆಚ್ಚುಕಡಿಮೆ ಒಂದೇ. ಸಾವಿರದ್ದೇ ಲಾಭ ಅನ್ನಿಸುವುದು ಸಹಜ.

ಆದರೆ 1000 ವಾಟ್ ಎಂದರೆ ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ವಿದ್ಯುತ್! ಅಷ್ಟನ್ನು ಅಂಗೈಯಗಲದ ಅಡಾಪ್ಟರ್ ಕೊಡುವುದು ಹೇಗೆ? ಡಬ್ಬವನ್ನು ಹತ್ತಿರದಿಂದ ನೋಡಿದರೆ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಪಿಎಂಪಿಒ' ಎಂದಿರುತ್ತದೆ. ಕ್ಷಣಮಾತ್ರಕ್ಕೆ ಹೊಮ್ಮಬಹುದಾದ ಗರಿಷ್ಠ ಶಕ್ತಿ ಎಂಬುದು ಇದರ ಅರ್ಥ. ಇದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಹಾಗಾಗಿ ತಯಾರಕರು ಬರೆದದ್ದೇ ಲೆಕ್ಕ. ನಾವು ನೋಡಬೇಕಾದ್ದು 'ಆರ್‌ಎಂಎಸ್' ಎಂದು ಬರೆದ ಅಂಕಿಯನ್ನು. ಅದು ಸ್ಪೀಕರ್ ಎಡೆಬಿಡದೆ ನುಡಿಯುವಾಗಿನ ಶಕ್ತಿ.

ಅದನ್ನೂ ನಂಬದಿದ್ದರೆ ಅಂಗಡಿಯಲ್ಲೇ ಒಂದು ಗುಣಾಕಾರ ಮಾಡಬಹುದು. ಅಡಾಪ್ಟರ್ ಮೇಲೆ ಔಟ್‌ಪುಟ್ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ 12 × 2 = 24 ವಾಟ್. ಒಂದಿಷ್ಟು ಬಿಸಿಯಾಗಿ ಹೋಗುವುದರಿಂದ ಸ್ಪೀಕರಿಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ಯುಎಸ್‌ಬಿ 2.0 ಕಿಂಡಿಯಿಂದ ನಡೆಯುವ ಪುಟ್ಟ ಸ್ಪೀಕರಾದರೆ 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವಾಟ್! ಬ್ಯಾಟರಿ ಇರುವ ಬ್ಲೂಟೂತ್ ಸ್ಪೀಕರುಗಳಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಇನ್ನು ನಿಜವಾದ ವಾಟ್ ಹೆಚ್ಚಿದ್ದರೂ ಸದ್ದು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಶಕ್ತಿ ಎರಡರಷ್ಟಾದರೆ ಏರಿಕೆ ಕೇವಲ 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಸೆನ್ಸಿಟಿವಿಟಿ 86 ಡೆಸಿಬೆಲ್ ಇರುವ ಸ್ಪೀಕರ್ ಒಂದೇ ವಾಟ್‌ನಲ್ಲಿ, ಒಂದು ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಮಿಕ್ಸಿಯಷ್ಟು ಸದ್ದು ಮಾಡಬಲ್ಲದು. ಹತ್ತಡಿ ಕೋಣೆಗೆ ಇನ್ನೆಷ್ಟು ಬೇಕು?

'20 ಹರ್ಟ್ಸ್‌ನಿಂದ 20,000 ಹರ್ಟ್ಸ್' ಎಂಬ ಬರಹವೂ ಹೀಗೆಯೇ. ಅದು ನಮ್ಮ ಕಿವಿಯ ವ್ಯಾಪ್ತಿ, ಮೂರಿಂಚಿನ ಸ್ಪೀಕರಿನದ್ದಲ್ಲ. ಅಷ್ಟು ಚಿಕ್ಕ ಕೋನ್ ತೀರಾ ತಗ್ಗಿನ ಸ್ವರಗಳಿಗೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಅದಕ್ಕೆಂದೇ ಸಬ್‌ವೂಫರ್ ಇರುವ 2.1 ಸೆಟ್‌ಗಳಿವೆ. ಆದರೆ ಅದೇ ದುಡ್ಡು ಎರಡರ ಬದಲು ಮೂರು ಪೆಟ್ಟಿಗೆಗೆ ಹಂಚಿಹೋಗುತ್ತದೆ: ಢಂ ಢಂ ಜೋರಾಗಿರುತ್ತದೆ, ಹಾಡುವವರ ದನಿ ಸೊರಗಿರುತ್ತದೆ. ನಮ್ಮನ್ನು ಕೇಳಿದರೆ ಕಡಿಮೆ ಬಜೆಟ್ಟಿಗೆ ಎರಡೇ ಪೆಟ್ಟಿಗೆ ಸಾಕು. ಸಬ್‌ವೂಫರಿನ ಸದ್ದು ಗೋಡೆ ದಾಟಿ ಪಕ್ಕದ ರೂಮಿಗೂ ಹೋಗುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿ ಇದು ಸಣ್ಣ ವಿಷಯವಲ್ಲ!

ಕೊಂಡ ಮೇಲೆ ಖರ್ಚಿಲ್ಲದೆ ಮಾಡಬಹುದಾದ ಕೆಲಸವೂ ಒಂದಿದೆ. ಎರಡು ಪೆಟ್ಟಿಗೆ ಮತ್ತು ನಿಮ್ಮ ತಲೆ ಸಮತ್ರಿಕೋನದ ಮೂರು ಮೂಲೆಗಳಲ್ಲಿರಲಿ. ಮೇಜಿನ ಮೇಲೆ ದಪ್ಪ ಪುಸ್ತಕಗಳನ್ನಿಟ್ಟು ಪೆಟ್ಟಿಗೆಗಳನ್ನು ಕಿವಿಯ ಮಟ್ಟಕ್ಕೆ ಏರಿಸಿ. ಕೋಣೆಯ ಮೂಲೆಗೆ ತಳ್ಳಿದರೆ ಬಾಸ್ ಹೆಚ್ಚುತ್ತದೆ, ಜೊತೆಗೆ ಸ್ಪಷ್ಟತೆ ಕೆಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದೂ ಜಾಣತನವೇ. ಹಳೆಯ ಸ್ಪೀಕರಿನ ಮುಂಬದಿಯ ಬಟ್ಟೆ ತೆಗೆದು ಕೋನ್ ಸುತ್ತಲಿನ ಅಂಚನ್ನು ನೋಡಿ. ಫೋಮ್ ಆಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ರಬ್ಬರ್ ಹೆಚ್ಚು ಬಾಳುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನು ನಿಮ್ಮ ಫೋನಿನಿಂದಲೇ ಹಾಕಿಸಿ, ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರುತ್ತದೆಯೇ ಗಮನಿಸಿ. ಹಿಂಬದಿಯಲ್ಲಿ ಕೆಂಪು-ಕಪ್ಪು ತಂತಿ ಸಿಕ್ಕಿಸುವ ಜಾಗ ಮಾತ್ರವಿದ್ದು ಕರೆಂಟಿನ ವೈರೇ ಇಲ್ಲದಿದ್ದರೆ ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು. ಅದರ ಬೆಲೆಯನ್ನೂ ಸೇರಿಸಿಕೊಂಡು ಚೌಕಾಸಿಗೆ ಇಳಿಯಿರಿ.