ಖಿಡ್ಕಿ
ಖಿಡ್ಕಿ: ದಕ್ಷಿಣ ದೆಹಲಿಯಲ್ಲಿ ಮಾಲವೀಯ ನಗರ ಮತ್ತು ಸಾಕೇತ್ ಬಡಾವಣೆಗಳ ನಡುವೆ ಇರುವ ಹಳೆಯ ಗ್ರಾಮ, ಈಗ ನಗರದೊಳಗೆ ಸೇರಿಹೋಗಿದೆ. ಮಹಮ್ಮದ್ ಬಿನ್ ತುಘಲಕ್ (ಆಳ್ವಿಕೆ 1325-51) ಕಟ್ಟಿಸಿದ ಜಹಾಂಪನಾ ನಗರದ ದಕ್ಷಿಣ ಗೋಡೆಗೆ ಸಮೀಪದಲ್ಲಿದೆ. ಆ ಗೋಡೆಗೆ ಸೇರಿದಂತೆ ಅವನ ಕಾಲದಲ್ಲೇ ರಚಿತವಾದ ಸತ್ಪುಲಾ ಎಂಬ ಏಳು ಮುಖ್ಯ ಕಮಾನುಗಳ ಒಡ್ಡು ಗ್ರಾಮದ ಪೂರ್ವಕ್ಕಿದ್ದು, ಹೊಲಗಳಿಗೆ ನೀರು ಹಾಯಿಸಲು ಬಳಕೆಯಾಗುತ್ತಿತ್ತು.

ಗ್ರಾಮದ ಹೆಸರಿಗೂ ಖ್ಯಾತಿಗೂ ಮೂಲ ಖಿಡ್ಕಿ ಮಸೀದಿ. ಫಿರೋಜ್ ಷಾ ತುಘಲಕ್‌ನ ಪ್ರಧಾನಿ ಖಾನ್-ಇ-ಜಹಾನ್ ಜುನಾನ್ ಷಾ ಇದನ್ನು 14ನೆಯ ಶತಮಾನದಲ್ಲಿ ಕಟ್ಟಿಸಿದ. ಒರಟುಗಲ್ಲಿನ ದಪ್ಪ ಗೋಡೆ, ಮೂಲೆಗಳಲ್ಲಿ ಬುರುಜು, ಮೇಲಂತಸ್ತಿನಲ್ಲಿ ಕಲ್ಲಿನ ಜಾಲಂಧ್ರಗಳು ಇದ್ದು ಹೊರನೋಟಕ್ಕೆ ಕೋಟೆಯಂತಿದೆ. ಚಾವಣಿಯನ್ನು 25 ಚೌಕಗಳಾಗಿ ವಿಭಾಗಿಸಲಾಗಿದೆ: ನಾಲ್ಕು ತೆರೆದ ಅಂಗಳಗಳು, ಒಂಬತ್ತು ಚೌಕಗಳಲ್ಲಿ ತಲಾ ಒಂಬತ್ತು ಕಿರುಗುಮ್ಮಟಗಳು, ಉಳಿದವು ಸಪಾಟು. ಬಹುಪಾಲು ಮುಚ್ಚಿದ ಈ ವಿನ್ಯಾಸ ಉತ್ತರ ಭಾರತದ ಮಸೀದಿಗಳಲ್ಲಿ ಅಪರೂಪ. ಈಶಾನ್ಯ ಭಾಗದ ಚಾವಣಿ ಕುಸಿದಿದೆ. 2018ರಲ್ಲಿ ಸಂರಕ್ಷಣಾ ಕಾರ್ಯದ ವೇಳೆ ಇಲ್ಲಿ 254 ತಾಮ್ರದ ನಾಣ್ಯಗಳು ದೊರೆತವು.

ಹೊಲಗಳಿದ್ದಲ್ಲಿ ಈಗ ಬಾಡಿಗೆ ಮನೆಗಳು ಒತ್ತೊತ್ತಾಗಿವೆ. ವಲಸಿಗರಲ್ಲಿ ಆಫ್ಘನ್ ಮತ್ತು ಆಫ್ರಿಕನ್ ಮೂಲದವರೂ ಇದ್ದಾರೆ. ಕಲಾಸಂಸ್ಥೆ ಖೋಜ್ ಇಲ್ಲಿನ ಖಿಡ್ಕಿ ಎಕ್ಸ್‌ಟೆನ್ಷನ್‌ನಲ್ಲಿದೆ.