ಮನೋವೈಜ್ಞಾನಿಕ ಸಂಶೋಧನೆಯಲ್ಲಿ ಉದ್ದೇಶ ಮತ್ತು ಪ್ರಾಕ್ಕಲ್ಪನೆ

ಸಂಶೋಧಕ ಏನನ್ನು ತಿಳಿಯಹೊರಟಿದ್ದಾನೆ ಎಂಬುದನ್ನು ಹೇಳುವ ಮಾತು ಉದ್ದೇಶ. ಏನು ಕಂಡುಬಂದೀತು ಎಂದು ಅಂಕಿಅಂಶ ಕೈಸೇರುವ ಮೊದಲೇ ಬರೆದಿಡುವ, ಪರೀಕ್ಷೆಗೆ ಒಡ್ಡಬಲ್ಲ ಹೇಳಿಕೆ ಪ್ರಾಕ್ಕಲ್ಪನೆ. ತಪ್ಪಾಗುವ ಅವಕಾಶವೇ ಇಲ್ಲದ ಹೇಳಿಕೆ ಪ್ರಾಕ್ಕಲ್ಪನೆ ಎನಿಸದು. “ಒತ್ತಡದಿಂದ ಕೆಲವರ ನೆನಪು ಕೆಡಬಹುದು, ಕೆಲವರದು ಕೆಡದೆಯೂ ಇರಬಹುದು” ಎಂಬ ವಾಕ್ಯವನ್ನು ಯಾವ ಪ್ರಯೋಗವೂ ಸೋಲಿಸಲಾರದು.

ಉದ್ದೇಶವನ್ನು ಪರೀಕ್ಷಿಸಬಲ್ಲ ರೂಪಕ್ಕೆ ತರುವ ಬಗೆಗೆ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ನಿದರ್ಶನ. ಪ್ರಶ್ನೆಯ ಮಾತು ಬದಲಾದರೆ ಪ್ರತ್ಯಕ್ಷಸಾಕ್ಷಿಯ ನೆನಪೂ ಬದಲಾಗುತ್ತದೆಯೆ ಎಂದು ತಿಳಿಯುವುದು ಅವರ ಉದ್ದೇಶ. ಅಷ್ಟರಿಂದಲೇ ಪ್ರಯೋಗ ಹೂಡಲಾಗದು. ‘ಮಾತು’ ಎಂದರೆ ಪ್ರಶ್ನೆಯೊಳಗಿನ ಒಂದು ಕ್ರಿಯಾಪದ, ‘ನೆನಪು’ ಎಂದರೆ ಸಾಕ್ಷಿ ಅಂದಾಜಿಸುವ ವೇಗ ಎಂದು ಗೊತ್ತುಮಾಡಿಕೊಂಡರು. ಮೊದಲನೆಯದು ಸಂಶೋಧಕರು ತಾವೇ ಬದಲಿಸುವ ಸ್ವತಂತ್ರ ಚಲಕ, ಎರಡನೆಯದು ಅಳೆದು ನೋಡುವ ಅವಲಂಬಿತ ಚಲಕ. ಅಮೂರ್ತವಾದುದನ್ನು ಹೀಗೆ ಅಳತೆಗೆ ಇಳಿಸುವುದಕ್ಕೆ ಕ್ರಿಯಾತ್ಮಕ ವ್ಯಾಖ್ಯೆ ಎಂದು ಹೆಸರು. ಪ್ರಾಕ್ಕಲ್ಪನೆ ಕಟ್ಟುವವರು ಇಲ್ಲಿ ಎಡವುವುದುಂಟು. 45 ವಿದ್ಯಾರ್ಥಿಗಳಿಗೆ ಅಪಘಾತದ ಚಿತ್ರತುಣುಕುಗಳನ್ನು ತೋರಿಸಿ, ಐದು ಗುಂಪುಗಳಿಗೆ ಐದು ಕ್ರಿಯಾಪದ ಬಳಸಿ ಕಾರುಗಳ ವೇಗ ಕೇಳಲಾಯಿತು. ‘ಅಪ್ಪಳಿಸಿದಾಗ’ ಎಂಬರ್ಥದ ಪದ ಕೇಳಿದವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, ‘ತಾಗಿದಾಗ’ ಎಂದು ಕೇಳಿದವರದು 31.8.

ಆದರೆ ಬದಲಾದದ್ದು ನೆನಪೋ, ಬರೀ ಉತ್ತರವೋ? ಮೊದಲ ಅಳತೆಗೆ ಇದನ್ನು ಬಿಡಿಸಿ ಹೇಳುವ ಶಕ್ತಿಯಿರಲಿಲ್ಲ. ಹಾಗಾಗಿ ನೆನಪೇ ಬದಲಾಗಿದ್ದರೆ ಇಲ್ಲದ್ದೂ ನೆನಪಾಗಬೇಕು ಎಂಬ ಇನ್ನಷ್ಟು ಹರಿತವಾದ ನಿರೀಕ್ಷೆಯೊಂದಿಗೆ ಎರಡನೆಯ ಪ್ರಯೋಗ ನಡೆಯಿತು. ಚಿತ್ರದಲ್ಲಿ ಒಡೆದ ಗಾಜು ಇರಲಿಲ್ಲ. ವಾರದ ನಂತರ ಕೇಳಿದಾಗ ‘ಅಪ್ಪಳಿಸಿದ’ ಗುಂಪಿನ 50 ಮಂದಿಯಲ್ಲಿ 16 ಜನ ಗಾಜು ಕಂಡೆವೆಂದರು. ‘ಬಡಿದ’ ಎಂದು ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ ಹಾಗೆಂದವರು 7 ಜನ.

ವ್ಯತ್ಯಾಸ ಯಾವ ಕಡೆಗೆಂದು ಹೇಳಿದರೆ ಅದು ದಿಕ್ಸೂಚಕ ಪ್ರಾಕ್ಕಲ್ಪನೆ, ವ್ಯತ್ಯಾಸವಿದೆ ಎಂದಷ್ಟೇ ಹೇಳಿದರೆ ದಿಕ್ಕುರಹಿತ. ಇವುಗಳ ಎದುರಾಳಿಯಾಗಿ ನಿಲ್ಲುವುದು ‘ವ್ಯತ್ಯಾಸವೇ ಇಲ್ಲ’ ಎನ್ನುವ ಶೂನ್ಯ ಪ್ರಾಕ್ಕಲ್ಪನೆ. ಈ ಹೆಸರನ್ನು ಬಳಕೆಗೆ ತಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್, ಅದನ್ನು ಅಲ್ಲಗಳೆಯಬಹುದೇ ಹೊರತು ಎಂದಿಗೂ ಸಾಧಿಸಲಾಗದು ಎಂದು 1935ರಲ್ಲೇ ಎಚ್ಚರಿಸಿದ್ದರು. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಎಚ್ಚರ ಇಂದಿಗೂ ತಪ್ಪುವುದುಂಟು.

ಫಲಿತಾಂಶ ನೋಡಿದ ಮೇಲೆ ಪ್ರಾಕ್ಕಲ್ಪನೆ ಹೊಸೆದು, ಮೊದಲೇ ಹೇಳಿದ್ದೆವೆಂಬಂತೆ ಬರೆಯುವ ಚಾಳಿಯನ್ನು ಮನೋವಿಜ್ಞಾನಿ ನಾರ್ಬರ್ಟ್ ಕೆರ್ 1998ರಲ್ಲಿ ವಿವರವಾಗಿ ವಿಮರ್ಶಿಸಿದರು. ಇದನ್ನು ತಡೆಯಲು ಕಾರ್ಟೆಕ್ಸ್ ನಿಯತಕಾಲಿಕ 2013ರಲ್ಲಿ, ಅಂಕಿಅಂಶ ಸಂಗ್ರಹಕ್ಕೆ ಮುನ್ನವೇ ಪ್ರಾಕ್ಕಲ್ಪನೆ ಹಾಗೂ ವಿಧಾನವನ್ನು ಪರಿಶೀಲಿಸಿ ಪ್ರಕಟಣೆಗೆ ಒಪ್ಪುವ ಪದ್ಧತಿಯನ್ನು ಆರಂಭಿಸಿತು.