ಎಂಟು ವರ್ಷದವರೆಗೆ ಯಾವ ಊರಿನ ನೀರು? ಹಲ್ಲಿನ ಕಲೆ ಮತ್ತು ಬ್ಲೀಚಿಂಗ್

ಹೈದರಾಬಾದಿನ ಲಿಬರ್ಟಿ ಚೌರಸ್ತೆಯಿಂದ ಹಿಮಾಯತ್‌ನಗರದ ಮುಖ್ಯರಸ್ತೆ ಹಿಡಿದು ನಾರಾಯಣಗುಡದತ್ತ ನಡೆದರೆ ಅಂಗಡಿಗಳ ಸಾಲಿನ ನಡುವೆ ಹಲ್ಲಿನ ಕ್ಲಿನಿಕ್ಕುಗಳ ಫಲಕಗಳಿಗೆ ಬರವಿಲ್ಲ. ಹಲ್ಲು ಬೆಳ್ಳಗಾಗಬೇಕೆಂದು ಮೆಟ್ಟಿಲು ಹತ್ತುವವರನ್ನು ಡಾಕ್ಟರು ಮೊದಲು ಕೇಳಬೇಕಾದದ್ದು ಒಂದೇ: ಎಂಟು ವರ್ಷ ತುಂಬುವ ತನಕ ಯಾವ ಊರಿನ ನೀರು ಕುಡಿದಿರಿ?

ಮುಂಬದಿಯ ಶಾಶ್ವತ ಹಲ್ಲುಗಳ ಎನಾಮೆಲ್ ದವಡೆಯೊಳಗೇ ಕಟ್ಟಿಕೊಳ್ಳುವ ವಯಸ್ಸದು. ಆಗ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದರೆ (ಲೀಟರಿಗೆ 1.5 ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ) ಎನಾಮೆಲ್ ಒಳಗೊಳಗೇ ರಂಧ್ರಮಯವಾಗುತ್ತದೆ. ಹಲ್ಲು ಹೊರಬಂದಾಗ ಸುಣ್ಣದಂಥ ಬಿಳಿ ಮಚ್ಚೆ. ಆ ರಂಧ್ರಗಳು ಬಣ್ಣ ಹೀರಿದಂತೆ ಕಂದು ಕಲೆ. ಇದೇ ಫ್ಲೋರೋಸಿಸ್.

ಹಿಮಾಯತ್‌ನಗರಕ್ಕೆ ಇದು ದೂರದ ಮಾತಲ್ಲ. ಮದರಾಸು ಪ್ರಾಂತದ ಫ್ಲೋರೋಸಿಸ್ ಬಗ್ಗೆ ವೈದ್ಯ ಸಂಶೋಧಕ ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಬರೆದರು. ಹೈದರಾಬಾದಿನಿಂದ ಸುಮಾರು ನೂರು ಕಿಲೋಮೀಟರ್ ಆಚೆಯ ನಲ್ಗೊಂಡದ ಕುರಿತ ಸಿದ್ದಿಕಿಯವರ ಲೇಖನ 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕನ್ನಡದ ಕಡೆಯೂ ಕಥೆ ಬೇರೆಯಿಲ್ಲ: ಪಾವಗಡ, ಬಾಗೇಪಲ್ಲಿ, ಮುಂಡರಗಿ, ರಾಯಚೂರಿನ ಕೊಳವೆಬಾವಿಗಳು. 1956ರವರೆಗೆ ರಾಯಚೂರು, ಕಲಬುರಗಿ, ಬೀದರಗಳಿಗೆ ರಾಜಧಾನಿ ಹೈದರಾಬಾದೇ ಆಗಿತ್ತು; ನಂಟು ಇಂದಿಗೂ ಹರಿದಿಲ್ಲ. ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ವಿಧಾನಕ್ಕೂ ನಲ್ಗೊಂಡದ್ದೇ ಹೆಸರು. ಪಟಿಕ, ಸುಣ್ಣದ ಜೊತೆ ಅದರಲ್ಲಿ ಬ್ಲೀಚಿಂಗ್ ಪೌಡರೂ ಉಂಟು. ಅಂದರೆ ಹಲ್ಲಿಗಿಂತ ಮೊದಲು ನೀರಿಗೇ ಬ್ಲೀಚಿಂಗ್!

ಮನೆಯಲ್ಲೇ ಟ್ರೇ ಹಾಕಿ ಮಾಡುವ ಹಲ್ಲಿನ ಬ್ಲೀಚಿಂಗ್ ಹುಟ್ಟಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಗೆ ಅಮೆರಿಕದ ಅರ್ಕಾನ್ಸಾದಲ್ಲಿ ಕ್ಲುಸ್ಮಿಯರ್ ಎಂಬ ದಂತವೈದ್ಯರು ಒಸಡಿನ ನೋವಿಗೆಂದು ಕೊಟ್ಟ ಪೆರಾಕ್ಸೈಡ್ ಔಷಧದಿಂದ ಹಲ್ಲೂ ಬೆಳಗಿತು. 1989ರಲ್ಲಿ ದಂತತಜ್ಞರಾದ ಹೇವುಡ್ ಮತ್ತು ಹೇಮನ್ ಅದನ್ನು ಶಾಸ್ತ್ರೀಯವಾಗಿ ಬರೆದಿಟ್ಟರು: ಬಾಯಿಯ ಅಚ್ಚಿನಿಂದ ತೆಳು ಟ್ರೇ, ಅದರಲ್ಲಿ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್, ಕೆಲವು ವಾರಗಳ ರಾತ್ರಿ ನಿದ್ದೆ.

ಎಲೆಅಡಿಕೆಯ ಮೇಲುಕಲೆ ಕ್ಲೀನಿಂಗಿನಲ್ಲೇ ಹೋಗುತ್ತದೆ, ಜೆಲ್ ಬೇಕಿಲ್ಲ. ಟೆಟ್ರಾಸೈಕ್ಲಿನ್ ಔಷಧದ ಕಲೆಗೆ ತಿಂಗಳುಗಳೇ ಬೇಕು. ಫ್ಲೋರೋಸಿಸ್‌ನಲ್ಲಿ ಕಂದು ತಿಳಿಯಾಗುತ್ತದೆ, ಆದರೆ ಬಿಳಿ ಮಚ್ಚೆ ಅಳಿಯುವುದಿಲ್ಲ. ಸುತ್ತಲ ಹಲ್ಲು ಬೆಳಗಿದಾಗ ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ, ಅಷ್ಟೇ. ಮೊದಲ ದಿನಗಳಲ್ಲಿ ಬಿಳಿ ಮಚ್ಚೆಯೇ ಎದ್ದು ಕಂಡು ರೋಗಿ ಗಾಬರಿಯಾಗುವುದುಂಟು. ಹಲ್ಲು ಜುಮ್ಮೆಂದರೆ ಎರಡು ದಿನ ಬಿಡುವು ಕೊಡಬೇಕು. ಇದನ್ನೆಲ್ಲ ಮುಂಚೆಯೇ ಹೇಳಿಡಲು, ಹುಳುಕು ಹಲ್ಲಿದ್ದರೆ ತಡೆಯಲು ಡಾಕ್ಟರು ಬೇಕು. ಶೇ. 0.1ರಿಂದ 6ರವರೆಗಿನ ಹೈಡ್ರೋಜನ್ ಪೆರಾಕ್ಸೈಡ್ ಮಾಲನ್ನು ಯೂರೋಪ್ ಒಕ್ಕೂಟ ದಂತವೈದ್ಯರ ಕೈಗೇ ಬಿಟ್ಟಿರುವುದೂ, ಹದಿನೆಂಟು ತುಂಬದವರಿಗೆ ಬೇಡವೆಂದಿರುವುದೂ ಇದೇ ಎಚ್ಚರದಿಂದ. ನಿಂಬೆರಸ-ಉಪ್ಪು ತಿಕ್ಕುವವರು ಮಾತ್ರ ಆಮ್ಲದಿಂದ ಎನಾಮೆಲನ್ನೇ ಕರಗಿಸಿಕೊಳ್ಳುತ್ತಾರೆ.

ಕ್ಯಾಪ್, ಫಿಲ್ಲಿಂಗುಗಳ ಬಣ್ಣ ಬ್ಲೀಚಿಂಗಿಗೆ ಬದಲಾಗದು. ಹೊಸ ಫಿಲ್ಲಿಂಗ್ ಬೇಕಿದ್ದರೆ ಬ್ಲೀಚಿಂಗ್ ಮುಗಿದು ಎರಡು ವಾರ ಕಾಯಬೇಕು. ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಸಡಿಲಿಸುತ್ತದೆ. ಕ್ಲಿನಿಕ್ಕಿನ ಕೇಸ್ ಶೀಟಿನಲ್ಲಿ ಹಲ್ಲಿನ ಬಣ್ಣದ ನಂಬರ್ ಬರೆಯುವ ಡಾಕ್ಟರುಗಳು ಅದರ ಪಕ್ಕದಲ್ಲೇ ರೋಗಿಯ ಬಾಲ್ಯದ ಊರು, ನೀರಿನ ಮೂಲ ಎರಡನ್ನೂ ಬರೆದಿಡಲಿ.